ಯೋಚಿಸುವ ಗೇರು

"ಇದನ್ನ ಸ್ವಲ್ಪ ನಿಧಾನ ಮಾಡಮ್ಮ," ಎಂದರು ಕಂಪನಿಯ ಯಜಮಾನರು.

ಇಂಜಿನಿಯರಮ್ಮನಿಗೆ ತನ್ನ ಕಿವಿಯೇ ಕೈಕೊಟ್ಟಿತೇ ಎನಿಸಿತು. ಸೈಕಲ್ಲಿನ ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸಾಕು, ಪುಟ್ಟ ಮೋಟಾರು ಕಣ್ಣು ಮಿಟುಕಿಸುವಷ್ಟರಲ್ಲಿ ಗೇರು ಬದಲಿಸಬೇಕು. ಅದಕ್ಕಾಗಿಯೇ ಎರಡು ವರ್ಷ ಹೆಣಗಿದ್ದಳು, ಅದೂ ಅಗ್ಗದ ಗೇರಿನಲ್ಲಿ. ಟಪಾಲು ಹಂಚುತ್ತ ದಿನಾ ದಿಬ್ಬ ಹತ್ತುವ ತನ್ನ ಅಣ್ಣನಂಥವರಿಗೂ ಅದು ಕೈಗೆಟುಕಬೇಕೆಂಬುದು ಅವಳ ಹಟ.

"ಎದುರು ಕಂಪನಿಯೋರು ಬೆಲೆ ಇಳಿಸಿದಾರೆ, ನಾವೂ ಅಗ್ಗದ್ದು ಬಿಡಲೇಬೇಕು. ಆದ್ರೆ ಅದೂ ಇಷ್ಟು ಚುರುಕಾಗಿದ್ರೆ, ನಾಲ್ಕು ಪಟ್ಟು ಕೊಟ್ಟು ನಮ್ಮದೇ ದುಬಾರಿ ಗೇರನ್ನ ಯಾರಮ್ಮ ತಗೋತಾರೆ? ಎರಡರೊಳಗೂ ಇರೋದು ಒಂದೇ ಮೋಟಾರು."

"ಹಾಗಾದ್ರೆ ದುಬಾರಿ ಗೇರಿನ ಬೆಲೆ ಇಳಿಸಿ ಸಾರ್."

ಯಜಮಾನರು ಅಯ್ಯೋ ಪಾಪ ಎಂಬಂತೆ ಅವಳನ್ನು ನೋಡಿದರು. "ಅರ್ಧ ಸೆಕೆಂಡ್ ತಡ ಮಾಡಿಸು, ಸಾಕು."

ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ. ಅದಕ್ಕೆ ಅವಳಿಗೆ ಮೂರು ದಿನ ಹಿಡಿಯಿತು. ಹಾಳು ಕೈಯೇ ಏಳಲಿಲ್ಲ.

ಪರೀಕ್ಷೆಗೆಂದು ಸೈಕಲ್ ತುಳಿದವನು ಅಣ್ಣನೇ. ದಿಬ್ಬ ಹತ್ತಿ ಇಳಿದು ಬಂದವನು ಕಂಪನಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. "ಏನೇ ಇದು? ಗುಂಡಿ ಒತ್ತಿದ್ರೆ ಗೇರು ಕೂತ್ಕೊಂಡು ಯೋಚನೆ ಮಾಡುತ್ತೆ. ಅಷ್ಟರಲ್ಲಿ ನನ್ನ ಮಂಡಿ ಹೋಗುತ್ತೆ."

ತಂಗಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಯಜಮಾನರ ಮುಖ ಮಾತ್ರ ಮೊರದಗಲವಾಯಿತು. ಮರುವಾರವೇ ಊರ ತುಂಬ ಜಾಹೀರಾತು: 'ಯೋಚಿಸಿ ಬದಲಾಗುವ ಗೇರು, ಜಗತ್ತಿನಲ್ಲೇ ಮೊದಲು!' ಜನ ಮುಗಿಬಿದ್ದು ಕೊಂಡರು. ಜಾಹೀರಾತಿಗೆ ಮರುಳಾಗದವರು ಯಾರಿದ್ದಾರೆ?

ಅವಳಿಗಿನ್ನು ಉಳಿದದ್ದು ಒಂದೇ ಆಸೆ. ಎದುರು ಕಂಪನಿಯವರು ಅಗ್ಗದಲ್ಲೇ ಚುರುಕಾದದ್ದನ್ನು ತಂದು ಈ ಮನುಷ್ಯನ ಸೊಕ್ಕು ಮುರಿಯಲಿ, ಆಗಲಾದರೂ ಆ ಸಾಲನ್ನು ಅಳಿಸಲು ಬಿಟ್ಟಾನು.

ಮೂರು ತಿಂಗಳಿಗೆ ಅವರ ಹೊಸ ಗೇರು ಬಂದೇ ಬಂತು. ಯಜಮಾನರು ಅದನ್ನು ತಂದು ಅವಳ ಮೇಜಿನ ಮೇಲೆ ಕುಕ್ಕಿದರು. ಮುಖ ಕೆಂಡವಾಗಿತ್ತು.

"ನಮ್ಮ ಆ ಸಾಲು ಅಳಿಸಿಬಿಡ್ಲಾ ಸಾರ್?" ಅವಳ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

"ಅಳಿಸೋದಾ? ನಮ್ಮದನ್ನ ಬಿಚ್ಚಿ ನೋಡಿ ಕದ್ದಿದಾರಮ್ಮ. ಅವರ ಗೇರು ಮುಕ್ಕಾಲು ಸೆಕೆಂಡ್ ಯೋಚನೆ ಮಾಡುತ್ತೆ. ನಮ್ಮದನ್ನ ಒಂದಕ್ಕೆ ಏರಿಸು."