ಬಂಡೆಯ ಮುಂದೆ ಮರೆತ ಇಂಗ್ಲಿಷು

ಎಂಟು ದಿನ ಬಾಯಿಪಾಠ ಮಾಡಿದ್ದ ಇಂಗ್ಲಿಷು ಮಸ್ಕಿಯ ಶಾಸನದ ಬಂಡೆಯ ಮುಂದೆ ನಿಂತ ಕೂಡಲೇ ಜಂಬಮ್ಮನಿಗೆ ಮರೆತೇಹೋಯಿತು. ಧಾರವಾಡಕ್ಕೆ ಓದಲು ಬಂದಿದ್ದ ಮೂವರು ಜಪಾನಿ ವಿದ್ಯಾರ್ಥಿಗಳು ಅವಳ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಈ ಸೀಮೆ ತೋರಿಸುವ ಕೆಲಸವನ್ನು ತಾನು ಓದುವ ಸಿಂಧನೂರಿನ ಕಾಲೇಜಿನಲ್ಲಿ ಹಟ ಹಿಡಿದು ಕೇಳಿ ಪಡೆದವಳು ಅವಳೇ.

"ಹೇಳವ್ವ, ಯಾಕ ಸುಮ್ಮನ ನಿಂತಿ?" ಎಂದರು ಜೊತೆಗೆ ಬಂದಿದ್ದ ಮೇಷ್ಟ್ರು ಅಮರಗುಂಡಪ್ಪ.

"ಬಾಯಿಗೆ ಬರವಲ್ದುರೀ ಸರ್," ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿದವು.

ಆಗ ಆ ಮೂವರಲ್ಲಿ ಹರುಮಿ ಎಂಬ ಹುಡುಗಿ ಏನೋ ಕೇಳಲು ಮುಂದೆ ಬಂದು, ಅರ್ಧಕ್ಕೇ ತಡವರಿಸಿದಳು. ಜೇಬಿನಿಂದ ಅಂಗೈಯಗಲದ ನಿಘಂಟು ತೆಗೆದು ಅವಸರದಲ್ಲಿ ಹಾಳೆ ತಿರುವತೊಡಗಿದಳು. ಬೆರಳು ಒಂದು ಹಾಳೆಯಿಂದ ಇನ್ನೊಂದಕ್ಕೆ ಓಡುತ್ತಿದ್ದವು. ಬೇಕಾದ ಶಬ್ದ ಸಿಗದೆ ಕಿವಿಯವರೆಗೂ ಕೆಂಪಾಗಿ, "ಸಾರಿ. ಮೈ ಇಂಗ್ಲಿಷ್... ವೆರಿ ಬ್ಯಾಡ್," ಎಂದು ತಲೆ ಬಾಗಿಸಿದಳು.

ಜಂಬಮ್ಮ ಆ ಬೆರಳುಗಳನ್ನೇ ನೋಡಿದಳು. "ಅಯ್ಯ! ಸರ್, ಇವ್ರಿಗೂ ಬರಂಗಿಲ್ರೀ!" ಎಂದು ಕೂಗಿಬಿಟ್ಟಳು. ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ತಡೆಯಲಾರದ ನಗು ಬಂತು. ಮಾತು ತಿಳಿಯದಿದ್ದರೂ ಹರುಮಿ ತಾನೂ ನಕ್ಕಳು. ಜಂಬಮ್ಮ ಅವಳ ಕೈ ಹಿಡಿದು ಬಂಡೆಯ ಹತ್ತಿರ ಕರೆದೊಯ್ದು, ಕೊರೆದ ಅಕ್ಷರಗಳತ್ತ ಬೆರಳು ಮಾಡಿ, "ಕಿಂಗ್ ಅಶೋಕ. ಹಿಸ್ ನೇಮ್. ಹಿಯರ್," ಎಂದಳು.

"ಆ... ಅಶೋಕ!" ಎನ್ನುತ್ತಾ ಮೂವರೂ ಒಟ್ಟಿಗೆ ಬಂಡೆಯತ್ತ ಬಾಗಿದರು.