ಗಂಡಿಗೊಂದು ಪ್ರಶ್ನೆ

“ಕಾಫಿ ತಟ್ಟೆ ನಾನು ಹಿಡಿಯಲ್ಲ,” ಎಂದು ಚೈತ್ರಶ್ರೀ ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಅಡುಗೆಮನೆಯಲ್ಲಿ ಅವಳ ತಾಯಿ ಅನ್ನಪೂರ್ಣ ಅದೇ ಲೋಟಗಳನ್ನು ಮೂರನೇ ಸಲ ಒರೆಸುತ್ತಿದ್ದರು. “ನಾನು ಹಿಡ್ಕೊಂಡು ಹೋದ್ರೆ ನೋಡಿದೋರು ಏನಂದ್ಕೊಂತಾರೆ?”

“ಏನಾದ್ರೂ ಅಂದ್ಕೊಳ್ಳಲಿ. ನೀನೇ ತರಬೇಕು.”

“ಇಷ್ಟು ವರ್ಷ ನಾವಿಬ್ರೇ ಚೆನ್ನಾಗೇ ಇದ್ವಲ್ಲೇ. ಇದೆಲ್ಲ ಯಾಕೆ ಬೇಕಿತ್ತು?”

ಚೈತ್ರಶ್ರೀ ಅಮ್ಮನ ಕೈಯಿಂದ ಲೋಟ ಕಿತ್ತುಕೊಂಡು ತಟ್ಟೆಯಲ್ಲಿಟ್ಟಳು. ಈ ಮದುವೆ ಆದರೆ ತಾಯಿ ಮಗಳು ಬೇರೆ ಬೇರೆ ಊರು. ಒಬ್ಬರು ಜಗಳೂರು, ಇನ್ನೊಬ್ಬರು ಹೊನ್ನಾಳಿ. ದೂರವಾಗುವುದೇ ಆದರೆ ಅದಕ್ಕೆ ತಕ್ಕ ಮನುಷ್ಯನಾದರೂ ಸಿಗಲಿ ಎಂಬುದು ಅವಳ ಹಟ. ಇದರಲ್ಲಿ ಎಡವಿದರೆ ಸರಿಪಡಿಸಲು ಇನ್ನೊಂದು ಅವಕಾಶ ಇರುವುದಿಲ್ಲ.

ಆ ಹಟಕ್ಕೆ ಈಗಾಗಲೇ ಎರಡು ಸಂಬಂಧಗಳು ಮುರಿದುಬಿದ್ದಿದ್ದವು. ಚನ್ನಗಿರಿಯ ಮಹಾಶಯರು ಮಾತಿನ ನಡುವೆ ‘ನನಗೆ ಬಿಸಿ ರೊಟ್ಟಿನೇ ಆಗಬೇಕು’ ಎಂದು ಮೂರು ಸಲ ಹೇಳಿದ್ದರು. ನ್ಯಾಮತಿಯವರು ಬಾಯೇ ಬಿಟ್ಟಿರಲಿಲ್ಲ. ಎಲ್ಲದಕ್ಕೂ ಅವರ ಅಣ್ಣನೇ ಉತ್ತರ ಕೊಟ್ಟಿದ್ದ. ಇಬ್ಬರನ್ನೂ ಚೈತ್ರಶ್ರೀ ಕಾಫಿ ಆರುವ ಮೊದಲೇ ಸಾಗಹಾಕಿದ್ದಳು.

ಸೋದರಮಾವ ರಂಗಣ್ಣನಿಗೆ ಸಾಕಾಗಿತ್ತು. “ಇವತ್ತೂ ಬ್ಯಾಡ ಅಂದ್ರೆ ಇನ್ನ ನಾನು ಗಂಡು ಹುಡುಕಾಕೆ ಹೋಗಲ್ಲ ನೋಡು,” ಎಂದು ಗದರಿ ನಡುಮನೆಗೆ ನಡೆದರು.

ನಡುಮನೆಯಲ್ಲಿ ಗಂಡಿನ ಕಡೆಯವರು ಕುಳಿತಿದ್ದರು. ಗಂಡು ಪ್ರಸನ್ನಕುಮಾರ್, ಹೊನ್ನಾಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹೊಸ ಶರ್ಟಿನಲ್ಲಿ ಅಂಗಡಿಯ ಮಡಿಕೆಗಳು ಹಾಗೇ ಇದ್ದವು. ಪಕ್ಕದಲ್ಲಿ ಅವರ ಅಕ್ಕ ಬೊಮ್ಮಕ್ಕ.

ಅನ್ನಪೂರ್ಣ ಕಾಫಿ, ಉಪ್ಪಿಟ್ಟಿನ ತಟ್ಟೆ ತಂದಿಟ್ಟರು. ಇಡುವ ಆತುರಕ್ಕೆ ಎರಡು ಹನಿ ಕಾಫಿ ಚೆಲ್ಲಿತು. ಬೊಮ್ಮಕ್ಕ ಉಪ್ಪಿಟ್ಟು ಬಾಯಿಗಿಟ್ಟು, “ಯಾರ ಕೈ ಅಡುಗೆ ಇದು?” ಎಂದು ಕೇಳಿದರು.

“ಅಮ್ಮಂದು. ನನಗೆ ನೀರು ಕಾಯ್ಸಾಕೂ ಬರಲ್ಲ,” ಎಂದಳು ಚೈತ್ರಶ್ರೀ.

ಬೊಮ್ಮಕ್ಕ ಮುಖ ಸಿಂಡರಿಸಲಿಲ್ಲ. ಖುಷಿಯಿಂದ ಇನ್ನೊಂದು ಸುತ್ತು ಹಾಕಿಸಿಕೊಂಡರು.

ಚೈತ್ರಶ್ರೀ ಕುರ್ಚಿ ಎಳೆದುಕೊಂಡು ಗಂಡಿನ ಎದುರಿಗೇ ಕುಳಿತಳು. ಅವಳೂ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಮೇಷ್ಟ್ರನ್ನು ಅವರ ಪಾಠದಲ್ಲೇ ಹಿಡಿಯಬೇಕೆಂದು ಎರಡು ದಿನದಿಂದ ಪ್ರಶ್ನೆ ಹೊಂದಿಸಿಟ್ಟುಕೊಂಡಿದ್ದಳು.

“ಸರ್, ‘ಅಲೋನ್’ಗೂ ‘ಲೋನ್ಲಿ’ಗೂ ಏನು ವ್ಯತ್ಯಾಸ?”

ರಂಗಣ್ಣ ಕೆಮ್ಮಿದರು. “ಪರೀಕ್ಷೆ ಇಟ್ಟಿದೀಯೇನವ್ವ?”

“ಹೂಂ ಮಾವ. ಇದೊಂದೇ ಪ್ರಶ್ನೆ.”

ಜೊತೆಗೆ ಯಾರೂ ಇಲ್ಲದಿರುವುದು ಅಲೋನ್. ಯಾರೂ ಇಲ್ಲವಲ್ಲ ಎಂದು ಮನಸ್ಸು ನೋಯುವುದು ಲೋನ್ಲಿ. ಒಬ್ಬರೇ ಇದ್ದೂ ಸುಖವಾಗಿರಬಹುದು, ಸಂತೆಯ ನಡುವೆಯೂ ಒಂಟಿ ಅನ್ನಿಸಬಹುದು. ತರಗತಿಯಲ್ಲಿ ಅವಳೇ ಎಷ್ಟೋ ಸಲ ಬರೆಸಿದ ಉತ್ತರ ಇದು. ಗಂಡು ಇದನ್ನೇ ಗಿಳಿಯಂತೆ ಒಪ್ಪಿಸಿದರೆ ಈ ಸಂಬಂಧವೂ ಬೇಡ ಎಂದು ತೀರ್ಮಾನಿಸಿದ್ದಳು.

ಪ್ರಸನ್ನಕುಮಾರ್ ಲೋಟ ಕೆಳಗಿಟ್ಟರು. “ಮೇಡಂ, ಪುಸ್ತಕದಾಗಿರೋದು ನಿಮಗೆ ಗೊತ್ತೇ ಐತೆ. ನಂದು ಹೇಳ್ತೀನಿ. ಸಾರು ಮಾಡ್ಕೊಂಡು ಒಬ್ನೇ ಉಣ್ಣೋದು ಅಲೋನ್. ಅದು ರೂಢಿ ಆಗೈತೆ, ಬೇಜಾರೇನಿಲ್ಲ. ಉಪ್ಪು ಜಾಸ್ತಿ ಆದ ದಿನ, ‘ಏನ್ರೀ ಇದು, ಬಾಯಿಗಿಡಾಕೆ ಆಗಲ್ಲ’ ಅಂತ ಬೈಯೋರು ಯಾರೂ ಇಲ್ವಲ್ಲ ಅನ್ಸುತ್ತೆ ನೋಡ್ರಿ, ಅದು ಲೋನ್ಲಿ.”

“ಒಂದು ಆಲೂಗಡ್ಡೆ ಹೆಚ್ಚಿ ಹಾಕಬೇಕಿತ್ರಿ, ಉಪ್ಪು ಹೀರ್ಕೊಂತಿತ್ತು,” ಎಂಬ ದನಿ ಅಡುಗೆಮನೆಯ ಬಾಗಿಲಿನಿಂದ ಬಂತು. ಹೇಳಿದ್ದು ಅನ್ನಪೂರ್ಣ. ಹೇಳಿದ ಮೇಲೆ ಗಾಬರಿಯಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅದನ್ನ ಹೇಳಾಕೂ ಯಾರೂ ಇರ್ಲಿಲ್ರೀ,” ಎಂದರು ಪ್ರಸನ್ನಕುಮಾರ್.

ಅನ್ನಪೂರ್ಣ ನಕ್ಕುಬಿಟ್ಟರು. ಚೈತ್ರಶ್ರೀಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊನ್ನಾಳಿ ಅಂಥಾ ದೂರವೇನಲ್ಲ ಎಂದು ಮೊದಲ ಸಲ ಅನ್ನಿಸಿತು.

“ಏನ್ ಹೇಳ್ತೀಯವ್ವ?” ರಂಗಣ್ಣ ಮುಂದಕ್ಕೆ ಬಾಗಿ ಕೇಳಿದರು.

“ನನಗೆ ಒಪ್ಪಿಗೆ ಮಾವ,” ಎಂದವಳೇ ಚೈತ್ರಶ್ರೀ ಎದ್ದು ಹೋಗಿ ತಾಯಿಯ ಕೈ ಹಿಡಿದುಕೊಂಡಳು. “ಇನ್ನು ನೀನು ಹೇಳಮ್ಮ, ಮದುವೆ ಆಗೋಳು ನೀನು.”