ಏರಿಯ ಜೇಡಿಮಣ್ಣು

ಬಾಲ್ಕನಿಯ ಕುಂಡಕ್ಕೆ ಜೇಡಿಮಣ್ಣು ಕಲಸುವಾಗ ಈಗಲೂ ಆ ವಾಸನೆಗೆ ನನ್ನ ಕೈ ನಿಲ್ಲುತ್ತದೆ.

ಕಗ್ಗದಾಸಪುರದ ಕೆರೆಗೆ ತಾತ ನೀರಗಂಟಿ. ಗದ್ದೆಗಳಿಗೆ ನೀರು ಬಿಡುವುದು, ಏರಿ ಕಾಯುವುದು ಅವರ ಕೆಲಸ. ಅವರು ತೀರಿಕೊಂಡ ಮಧ್ಯಾಹ್ನ ಕೆರೆ ತುಂಬಿತ್ತು. ತೂಬಿನ ಪಕ್ಕ ಏರಿ ಜಿನುಗುತ್ತಿದೆ ಎಂದು ಯಾರೋ ಬಂದು ಹೇಳಿದರು. ತಾತನ ತಲೆಯ ಬಳಿ ಕೂತಿದ್ದ ಅಜ್ಜಿ ಎದ್ದು ಸೆರಗು ಸಿಕ್ಕಿಸಿದಳು.

“ಹೆಣ ಬಿಟ್ಟು ಎಲ್ಲಿಗಕ್ಕಾ?” ಎಂದಳು ಪಕ್ಕದ ಮನೆಯಾಕೆ.

“ಅವ್ರು ಕಾಯ್ತಾರೆ. ನೀರು ಕಾಯಲ್ಲ.”

ನಾನೂ ಹಿಂದೆ ಹೋದೆ. ಅಜ್ಜಿ ಜೇಡಿಗೆ ಒಣಹುಲ್ಲು ಸೇರಿಸಿ ತುಳಿದಳು. ಅವಳು ತೋರಿಸಿದಲ್ಲಿ ಗಂಡಸರು ಮೆತ್ತಿ ಬಡಿದರು. ಜಿನುಗು ನಿಂತಿತು.

ನಾವು ಮರಳಿದಾಗ ಮನೆಯಲ್ಲಿ ಎಲ್ಲರೂ ತಾತನ ಬಾಯಿಗೆ ಅಕ್ಕಿ ಹಾಕುತ್ತಿದ್ದರು. ಅಜ್ಜಿಯೂ ಜೇಡಿ ಮೆತ್ತಿದ್ದ ಕೈಯನ್ನೇ ಅಕ್ಕಿಗೆ ಚಾಚಿದಳು.

“ಕೈ ತೊಳ್ಕೊಂಡು ಬಾರಕ್ಕಾ,” ಎಂದಳು ಪಕ್ಕದ ಮನೆಯಾಕೆ.

“ಇರ್ಲಿ,” ಎಂದಳು ಅಜ್ಜಿ. “ಏರಿ ನಿಂತೈತೆ ಅಂತ ಅವ್ರಿಗೆ ತಿಳೀಲಿ.”